ಬ್ಯಾಂಕ್ ಹಿಡಿದ ಟಿಡಿಎಸ್ ವಾಪಸ್ ಬೇಕಾ? ರೈತರಿಗೆ ಮೊದಲ ಐಟಿಆರ್ ಪಾಠ

"ಕೃಷಿ ಆದಾಯಕ್ಕೆ ಟ್ಯಾಕ್ಸೇ ಇಲ್ಲ, ಮತ್ತೆ ನಾನ್ಯಾಕೆ ರಿಟರ್ನ್ ಹಾಕ್ಬೇಕು?" ಅಂತ ಕೇಳುವ ಯುವ ರೈತರು ಬಹಳ ಮಂದಿ. ಮಾತಿನ ಮೊದಲರ್ಧ ಸರಿ. ಜಮೀನಿನಲ್ಲಿ ಬೆಳೆದು ಮಾರಿದ್ದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ನಮ್ಮಲ್ಲಿ ಬರೀ ಬೆಳೆಯ ದುಡ್ಡಿನಲ್ಲೇ ಮನೆ ನಡೆಯೋದು ಎಷ್ಟು ಜನರದ್ದು? ಎಫ್‌ಡಿ ಬಡ್ಡಿ, ಪೇಟೆಯ ಮಳಿಗೆ ಬಾಡಿಗೆ, ಡೇರಿಗೆ ಹಾಕಿದ ಹಾಲು, ಟ್ರ್ಯಾಕ್ಟರ್ ಬಾಡಿಗೆ, ಹೀಗೆ ಏನಾದರೊಂದು ಜೊತೆಗಿರುತ್ತೆ. ಇವು ಯಾವುವೂ ಕಾನೂನಿನ ಲೆಕ್ಕದಲ್ಲಿ ಕೃಷಿ ಆದಾಯ ಅಲ್ಲ. ಹಾಲು ಕೂಡ ಅಲ್ಲ ಅನ್ನೋದು ಹಲವರಿಗೆ ಆಶ್ಚರ್ಯ. ನರ್ಸರಿಯಲ್ಲಿ ಬೆಳೆಸಿ ಮಾರಿದ ಸಸಿ ಮಾತ್ರ ಕೃಷಿ ಆದಾಯವೇ.

ಒಂದು ಲೆಕ್ಕ ನೋಡೋಣ. ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರ ಅಂತ ಇಟ್ಟುಕೊಳ್ಳಿ. 2025-26ರಲ್ಲಿ ಖರ್ಚು ಕಳೆದು ತೋಟದಿಂದ 3 ಲಕ್ಷ ರೂಪಾಯಿ ಉಳಿದಿದೆ. ಎಫ್‌ಡಿ ಬಡ್ಡಿ 60,000 ಬಂದಿದೆ. ಒಂದೇ ಬ್ಯಾಂಕಿನ ಬಡ್ಡಿ ವರ್ಷಕ್ಕೆ 50,000 ದಾಟಿದ್ದರಿಂದ ಬ್ಯಾಂಕು ಶೇ. 10ರಂತೆ 6,000 ಟಿಡಿಎಸ್ ಹಿಡಿದಿದೆ. (ಮೊದಲೇ 15ಜಿ ಫಾರಂ ಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ.) ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, ಇವರ ಕೃಷಿಯೇತರ ಆದಾಯ ಬರೀ 60,000. ಅಂದರೆ ಆ 6,000 ಪೂರ್ತಿ ಇವರದ್ದೇ ದುಡ್ಡು. ಆದರೆ ಕೇಳದೆ ಯಾರೂ ಕೊಡಲ್ಲ. ಕೇಳುವ ದಾರಿ ಐಟಿಆರ್ ಒಂದೇ.

"ಕೃಷಿ ಆದಾಯ ತೋರಿಸಿದರೆ ಅದಕ್ಕೂ ಟ್ಯಾಕ್ಸ್ ಹಾಕ್ತಾರೆ" ಅನ್ನೋ ಭಯಕ್ಕೆ ಒಂದು ಮೂಲ ಇದೆ. ಕೃಷಿ ಆದಾಯ 5,000 ದಾಟಿ, ಬೇರೆ ಆದಾಯವೂ ವಿನಾಯಿತಿ ಮಿತಿ ದಾಟಿದರೆ, ಎರಡನ್ನೂ ಕೂಡಿಸಿ ತೆರಿಗೆಯ ದರ ಲೆಕ್ಕ ಹಾಕ್ತಾರೆ. ಅದೇ ಬೆಳೆಗಾರರಿಗೆ ಬೇರೆ ಆದಾಯ 5 ಲಕ್ಷ ಇದೆ ಅನ್ನಿ. ಒಟ್ಟು 8 ಲಕ್ಷಕ್ಕೆ ತೆರಿಗೆ 20,000. ಇದರಿಂದ 3 ಲಕ್ಷ ಕೃಷಿ ಆದಾಯ ಮತ್ತು 4 ಲಕ್ಷ ವಿನಾಯಿತಿ ಸೇರಿ 7 ಲಕ್ಷಕ್ಕೆ ಬರುವ 15,000 ಕಳೀತಾರೆ. ಉಳಿಯೋದು 5,000. ಅಷ್ಟಕ್ಕೇ ಗಾಬರಿ ಬೇಡ. ಕೃಷಿ ಬಿಟ್ಟು ಉಳಿದ ಆದಾಯ 12 ಲಕ್ಷದೊಳಗಿದ್ದರೆ 87ಎ ರಿಯಾಯಿತಿ ಸಿಗುತ್ತೆ, ಹಾಗಾಗಿ ಈ 5,000 ಕೂಡ ಸೊನ್ನೆ. ಈ ಲೆಕ್ಕವನ್ನೆಲ್ಲ ಪೋರ್ಟಲ್ಲೇ ಮಾಡಿಕೊಳ್ಳುತ್ತೆ, ನೀವು ಅಂಕಿ ಸರಿಯಾಗಿ ತುಂಬಿದರೆ ಸಾಕು.

ಕಾಫಿಯವರಿಗೆ ಒಂದು ಮಾತು. ಹಣ್ಣು ಕೊಯ್ದು ಕ್ಯೂರಿಂಗ್ ಮಾಡಿಸದೆ ಮಾರಿದರೆ ಪೂರ್ತಿ ಕೃಷಿ ಆದಾಯ. ನೀವೇ ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ. 25 ವ್ಯಾಪಾರದ ಲೆಕ್ಕಕ್ಕೆ ಹೋಗುತ್ತೆ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಸ್ವಂತ ಬ್ರ್ಯಾಂಡ್ ಮಾಡ್ತಿರೋ ಹುಡುಗರು ಇದನ್ನ ಮರೀಬೇಡಿ.

ಯಾವ ಫಾರಂ?

ಜಾಸ್ತಿ ಜನ ಎಡವೋದು ಇಲ್ಲೇ. ಸುಲಭ ಅಂತ ಎಲ್ಲರೂ ಹೇಳೋ ಐಟಿಆರ್-1, ಅಂದರೆ ಸಹಜ್, ಕೃಷಿ ಆದಾಯ 5,000 ದಾಟಿದವರಿಗೆ ಬರಲ್ಲ. ಬೆಳೆ ಜೊತೆ ಬಡ್ಡಿ ಅಥವಾ ಬಾಡಿಗೆ ಇದ್ದವರಿಗೆ ಐಟಿಆರ್-2. ಡೇರಿ, ಕೋಳಿ ಫಾರಂ, ಟ್ರ್ಯಾಕ್ಟರ್ ಬಾಡಿಗೆಯಂಥ ವ್ಯಾಪಾರವೂ ಇದ್ದರೆ ಐಟಿಆರ್-3. ಇದು ಉದ್ದದ ಫಾರಂ, ಮೊದಲ ಸಲ ತಿಳಿದವರಿಂದ ಮಾಡಿಸೋದೇ ವಾಸಿ.

ಕೂರುವ ಮೊದಲು ಪ್ಯಾನ್‌ಗೆ ಆಧಾರ್ ಲಿಂಕ್ ಆಗಿದೆಯಾ ನೋಡಿ. ಆಗದಿದ್ದರೆ ರೀಫಂಡ್ ಬರಲ್ಲ. ಆಧಾರ್‌ಗೆ ಈಗ ಬಳಸ್ತಿರೋ ಮೊಬೈಲ್ ನಂಬರ್ ಇರಲಿ. ಬ್ಯಾಂಕುಗಳು ಕಟ್ಟಿದ ಟಿಡಿಎಸ್ ವಿವರ ಪೂರ್ತಿ ಬರೋದು ಜೂನ್ ಮಧ್ಯದ ಹೊತ್ತಿಗೆ. ಅಲ್ಲಿವರೆಗೆ ಕಾದು ಮಾಡಿದರೆ ಒಳ್ಳೇದು.

ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಪ್ಯಾನ್ ನಂಬರೇ ಯೂಸರ್ ಐಡಿ. ಮೊಬೈಲ್‌ನಲ್ಲಾದರೆ ಬ್ರೌಸರ್ ಮೆನುವಿನಲ್ಲಿ 'ಡೆಸ್ಕ್‌ಟಾಪ್ ಸೈಟ್' ಒತ್ತಿ, ಫೋನ್ ಅಡ್ಡ ಹಿಡೀರಿ. ಮೊದಲು ಪ್ರೊಫೈಲ್‌ನಲ್ಲಿ ಬ್ಯಾಂಕ್ ಖಾತೆ ವ್ಯಾಲಿಡೇಟ್ ಮಾಡಿ, ರೀಫಂಡ್ ಬರೋದು ಆ ಖಾತೆಗೇ. ಆಮೇಲೆ 26ಎಎಸ್ ಮತ್ತು ಎಐಎಸ್ ತೆಗೆದು ನೋಡಿ. ನಿಮ್ಮ ಬಡ್ಡಿ, ಹಿಡಿದ ಟಿಡಿಎಸ್, ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದ್ದರೆ ಅದೂ ಅಲ್ಲಿರುತ್ತೆ. ಅಡಿಕೆ, ಹತ್ತಿ ಮಾರಿದ ನಗದನ್ನ ಹೀಗೆ ಕಟ್ಟಿದವರು ಮಂಡಿಯ ಬಿಲ್, ಎಪಿಎಂಸಿ ಚೀಟಿ ಬಿಸಾಕಬೇಡಿ. ಇಲಾಖೆ ಕೇಳಿದಾಗ ಬಾಯಿಮಾತು ನಡೆಯಲ್ಲ.

ಇ-ಫೈಲ್ ಮೆನುವಿನಲ್ಲಿ ಅಸೆಸ್‌ಮೆಂಟ್ ವರ್ಷ 2026-27 ಆರಿಸಿ. ಗಳಿಸಿದ ವರ್ಷ 2025-26, ಲೆಕ್ಕ ಕೊಡೋ ವರ್ಷ ಅದರ ಮುಂದಿನದು. ಆನ್‌ಲೈನ್, ಇಂಡಿವಿಜುವಲ್, ಐಟಿಆರ್-2. ಬಡ್ಡಿ, ಟಿಡಿಎಸ್ ಬಹುತೇಕ ತಾನಾಗೇ ತುಂಬಿರುತ್ತೆ, 26ಎಎಸ್ ಜೊತೆ ತಾಳೆ ಹಾಕಿ. ಕೃಷಿ ಆದಾಯ ನೀವೇ ತುಂಬಬೇಕು, 'ಶೆಡ್ಯೂಲ್ ಇಐ' ಅನ್ನೋ ಕಡೆ. ಒಟ್ಟು ಮಾರಾಟ ಒಂದು ಸಾಲು. ಗೊಬ್ಬರ, ಕೂಲಿ, ಔಷಧಿ, ಉಳುಮೆ ಖರ್ಚು ಇನ್ನೊಂದು. ಉಳಿಕೆ 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆ ಆಶ್ರಿತವೋ ಎಲ್ಲ ಕೇಳುತ್ತೆ. ಪಹಣಿ ಪಕ್ಕದಲ್ಲಿಟ್ಟುಕೊಳ್ಳಿ. ಪಹಣಿ ಅಪ್ಪನ ಹೆಸರಲ್ಲಿದ್ದು ದುಡ್ಡು ಮಾತ್ರ ನಿಮ್ಮ ಖಾತೆಗೆ ಬಂದಿದ್ದರೆ, ಅದನ್ನ ನಿಮ್ಮ ಆದಾಯ ಅಂತ ಬರೀಬೇಡಿ.

ಸಬ್ಮಿಟ್ ಒತ್ತಿದ ಮಾತ್ರಕ್ಕೆ ಮುಗಿಯಲ್ಲ. 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಬೇಕು. ಐಟಿಆರ್-2ಕ್ಕೆ ಕೊನೆ ದಿನ ಸಾಮಾನ್ಯವಾಗಿ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ಅವಕಾಶ ಇದೆ, ಆದಾಯ ವಿನಾಯಿತಿ ಮಿತಿಯೊಳಗಿದ್ದವರಿಗೆ ತಡವಾದ ಶುಲ್ಕವೂ ಸಾಮಾನ್ಯವಾಗಿ ಬೀಳಲ್ಲ.

ಸೈಬರ್ ಸೆಂಟರಿನಲ್ಲಿ ಮಾಡಿಸೋರು ಗಮನಿಸಿ: ಮೊಬೈಲ್, ಇಮೇಲ್ ನಿಮ್ಮದೇ ಹಾಕಿಸಿ. ಅವರದ್ದು ಹಾಕಿದರೆ ನಿಮ್ಮ ನೋಟಿಸು, ಒಟಿಪಿ ಎಲ್ಲ ಅವರಿಗೇ ಹೋಗುತ್ತೆ. "ಜಾಸ್ತಿ ರೀಫಂಡ್ ತರಿಸ್ತೀನಿ, ಪರ್ಸೆಂಟ್ ಕೊಡಿ" ಅನ್ನೋರ ಹತ್ತಿರ ಕೂರಲೇಬೇಡಿ. ಸುಳ್ಳು ಕಡಿತ ಬರೆದದ್ದು ಅವರಾದರೂ ದಂಡ ಕಟ್ಟೋದು ನೀವು.

ಇನ್ನು ಪಿಎಂ-ಕಿಸಾನ್. ಹಿಂದಿನ ಅಸೆಸ್‌ಮೆಂಟ್ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರಿಗೆ ಅದು ಇಲ್ಲ ಅನ್ನೋದು ನಿಯಮ. ರಿಟರ್ನ್ ಹಾಕೋದು ಬೇರೆ, ತೆರಿಗೆ ಕಟ್ಟೋದು ಬೇರೆ. ರಿಟರ್ನ್ ಪರಿಶೀಲನೆ ಆದಮೇಲೆ 143(1) ಅಂತ ಒಂದು ಪತ್ರ ಇಮೇಲ್‌ಗೆ ಬರುತ್ತೆ, ತೆರಿಗೆ ಸೊನ್ನೆ ಅಂತ ಅದರಲ್ಲಿರುತ್ತೆ. ಅದನ್ನ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಯಾರಾದರೂ "ನೀನು ತೆರಿಗೆದಾರ" ಅಂದಾಗ ತೋರಿಸಬಹುದು. ಫೈಲ್ ತೆರೆಯೋ ಪಾಸ್‌ವರ್ಡ್: ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ದಿನ, ತಿಂಗಳು, ವರ್ಷ.