ಶುರುವಿನ ತಾರೀಖನ್ನೂ ಬರೆದಿಟ್ಟುಕೋ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಹನ್ನೊಂದು ಗಂಟೆಯಾದರೂ ಊಟ ಆಗಿರಲಿಲ್ಲ. ಆದಾಯ ತೆರಿಗೆ ರಿಟರ್ನ್ಸ್‌ಗೆ ಕೊನೇ ದಿನ, ಪೋರ್ಟಲ್ ತೆರೆದುಕೊಳ್ಳುತ್ತಿಲ್ಲ, ಬೆಳಗಾದರೆ ಆಫೀಸಿನ ಪ್ರೆಸೆಂಟೇಷನ್ ಬೇರೆ. "ಟೈಮೇ ಸಾಲಲ್ಲ ದೊಡ್ಡಪ್ಪ" ಅಂದೆ. ಆ ಮಾತಿಗೆ ಫೋನಿನಲ್ಲಿ ಉತ್ತರ ಕೊಡುವುದಕ್ಕಿಂತ, ಬಿಡುವಾದಾಗ ಓದಿಕೊಳ್ಳಲಿ ಎಂದು ಈ ಕಾಗದ ಬರೆಯುತ್ತಿದ್ದೇನೆ.

ನಿನಗೆ ಕೆಲಸ ಹೆಚ್ಚು, ನಿಜ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಸಂಜೆ ಆರಕ್ಕೆ ಕರೆಯುವ ಮೀಟಿಂಗು, ಇವು ನಿನ್ನ ಕೈಯಲ್ಲಿಲ್ಲ. ಅವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ರಿಟರ್ನ್ಸ್ ವಿಷಯ ನೋಡು. ಕಂಪನಿಯವರು ಫಾರ್ಮ್ 16 ಕೊಡಬೇಕಾದದ್ದು ಜೂನ್ 15ರೊಳಗೆ. ಸಲ್ಲಿಸಲು ಜುಲೈ 31ರ ತನಕ ಸಮಯ. ನಡುವೆ ಒಂದೂವರೆ ತಿಂಗಳಿದೆ. ತಪ್ಪಿದರೆ ಆದಾಯ 5 ಲಕ್ಷ ದಾಟಿದವರಿಗೆ 5,000 ರೂಪಾಯಿ ದಂಡ. ನೀನು ಕ್ಯಾಲೆಂಡರಿನಲ್ಲಿ 31ಕ್ಕೆ ಸುತ್ತು ಹಾಕಿದ್ದೆ, ಜೂನ್ 15ಕ್ಕೆ ಏನೂ ಹಾಕಿರಲಿಲ್ಲ. ನನ್ನ ಪ್ರಕಾರ ತೊಂದರೆ ಇರುವುದು ಅಲ್ಲೇ. ನಾವು ಕೆಲಸ ಮುಗಿಸುವ ತಾರೀಖು ಬರೆದಿಟ್ಟುಕೊಳ್ಳುತ್ತೇವೆ, ಶುರು ಮಾಡುವ ತಾರೀಖು ಬರೆಯುವುದಿಲ್ಲ.

ಅಂಚೆ ಇಲಾಖೆ ನನಗೆ ಕಲಿಸಿದ್ದು ಇದನ್ನೇ. ನಾನಿದ್ದ ಸಣ್ಣ ಅಂಚೆ ಕಚೇರಿಯಿಂದ ಸಂಜೆಯ ಬಸ್ಸಿಗೆ ಟಪಾಲು ಚೀಲ ಹೋಗಬೇಕಿತ್ತು. ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ. ಅಷ್ಟರೊಳಗೆ ಚೀಲದ ಬಾಯಿ ಹುರಿಯಲ್ಲಿ ಬಿಗಿದು, ಲೇಬಲ್ ಕಟ್ಟಿ, ಅರಗು ಕಾಯಿಸಿ ಗಂಟಿನ ಮೇಲೆ ಬಿಟ್ಟು ಮುದ್ರೆ ಒತ್ತಿರಬೇಕು. ಅರಗು ಬಿಸಿಯಿರುವಾಗಲೇ ಒತ್ತಬೇಕು, ಗಟ್ಟಿಯಾಗುವ ತನಕ ಚೀಲ ಮುಟ್ಟಬಾರದು. ಇದಕ್ಕೆಲ್ಲ ಸಂಜೆ ಸಮಯ ಸಿಗಬೇಕಾದರೆ ಉಳಿದ ಕೆಲಸ ಬೆಳಗಿನಿಂದಲೇ ಆಗುತ್ತಿರಬೇಕಿತ್ತು. ರಿಜಿಸ್ಟರ್ಡ್ ಕಾಗದ ಕೌಂಟರಿಗೆ ಬಂದ ಹಾಗೇ ಪುಸ್ತಕಕ್ಕೆ ಏರುತ್ತಿತ್ತು. ಡಬ್ಬಿಯಿಂದ ತಂದ ಕಾಗದಗಳಿಗೆ ಆಗಲೇ ತಾರೀಖಿನ ಮೊಹರು ಬಿದ್ದು, ಊರುವಾರು ಕಟ್ಟುಗಳಾಗುತ್ತಿದ್ದವು. ಬಸ್ಸಿನ ಹಾರನ್ ಕೇಳಿದ ಮೇಲೆ ಚೀಲ ಹುಡುಕಿದವರನ್ನು ನಾನು ಕಂಡಿಲ್ಲ.

ಯಾವಾಗ ಶುರು ಮಾಡಬೇಕೆಂದು ತಿಳಿಯಲು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಗೊತ್ತಿರಬೇಕು; ಆದರೆ ಆ ವಿಷಯದಲ್ಲಿ ನಮ್ಮ ಅಂದಾಜನ್ನು ನಾವೇ ನಂಬಬಾರದು ಎನ್ನುವುದಕ್ಕೆ ಒಳ್ಳೆಯ ಪುರಾವೆಯಿದೆ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಈ ದೌರ್ಬಲ್ಯದ ಬಗ್ಗೆ ಬರೆದಿದ್ದರು. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ 34 ದಿನ ಅಂದರು. ಏನೆಲ್ಲ ಅಡ್ಡಿ ಬಂದರೂ ಎಷ್ಟಾದೀತು ಎಂದಾಗ 49 ಅಂದರು. ಕೊನೆಗೆ ಹಿಡಿದದ್ದು 55 ದಿನಕ್ಕೂ ಹೆಚ್ಚು! ಎಲ್ಲವೂ ಕೆಟ್ಟರೆ ಎಂದು ಲೆಕ್ಕ ಹಾಕಿದ್ದಕ್ಕಿಂತಲೂ ಜಾಸ್ತಿ. ಅವರು ಸೋಮಾರಿಗಳಾಗಿರಲಿಲ್ಲ. ಮುಂದಿನ ಕೆಲಸ ಕಣ್ಣಿಗೆ ಯಾವಾಗಲೂ ಸಲೀಸಾಗಿಯೇ ಕಾಣುತ್ತದೆ. ಆದ್ದರಿಂದ "ಎಷ್ಟು ಹೊತ್ತಾದೀತು" ಎಂದು ಯೋಚಿಸಬೇಡ, "ಹೋದ ಸಲ ಎಷ್ಟು ಹೊತ್ತಾಯಿತು" ಎಂದು ನೋಡು. ಹೋದ ವರ್ಷ ರಿಟರ್ನ್ಸ್‌ಗೆ ಎರಡು ಸಂಜೆ ಹಿಡಿದಿದ್ದರೆ ಈ ವರ್ಷವೂ ಎರಡೇ ಸಂಜೆ.

ಶುರು ಮಾಡುವುದೆಂದರೆ ಕೂತ ಕಡೆ ಮುಗಿಸುವುದಲ್ಲ ಕಣಮ್ಮ. ಮೊದಲ ದಿನ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್ ಇಳಿಸಿಕೊಂಡು ಒಂದು ಫೋಲ್ಡರಿಗೆ ಹಾಕಿದರೂ ಸಾಕು. ಏನು ಇದೆ, ಏನು ಇಲ್ಲ ಎಂದು ತಿಳಿಯುತ್ತದೆ. ಕೊರತೆ ಜೂನ್ ತಿಂಗಳಲ್ಲಿ ತಿಳಿದರೆ ಒಂದು ಇಮೇಲ್‌ನಲ್ಲಿ ಮುಗಿಯುವ ಮಾತು. ಅದೇ ಕೊರತೆ ಕೊನೇ ರಾತ್ರಿ ತಿಳಿದರೆ ನಿದ್ದೆಯನ್ನೂ ಊಟವನ್ನೂ ಕಿತ್ತುಕೊಳ್ಳುತ್ತದೆ. ಆಫೀಸಿನ ಕೆಲಸಕ್ಕೂ ಇದೇ ಕ್ರಮ ಇಟ್ಟುಕೋ.

ಇನ್ನೊಂದು ಮಾತು. ನಿನ್ನ ದಿನದಲ್ಲಿ ಒಂದು ಗಂಟೆಯನ್ನಾದರೂ ಯಾವ ಕೆಲಸಕ್ಕೂ ಕೊಡದೆ ಖಾಲಿ ಬಿಡು. ಸುತ್ತಲಿನವರು ಅದನ್ನು ವ್ಯರ್ಥ ಎನ್ನಬಹುದು, ನಾನು ಒಪ್ಪುವುದಿಲ್ಲ. ಮಧ್ಯೆ ಬಂದು ಬೀಳುವ ಕೆಲಸ ಹೋಗುವುದಕ್ಕೆ ಒಂದು ಜಾಗ ಬೇಕು. ಜಾಗ ಇಲ್ಲದಿದ್ದರೆ ಅದು ನಿನ್ನ ರಾತ್ರಿಗೇ ಬರುತ್ತದೆ.

ದೀಪಾವಳಿಗೆ ಬರುತ್ತೇನೆ ಅಂದಿದ್ದೀಯ. ನಿನ್ನ ದೊಡ್ಡಮ್ಮ ಈಗಲೇ ಏನೇನು ಮಾಡಬೇಕೆಂದು ಮಾತಾಡುತ್ತಿದ್ದಾಳೆ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ಸಿಗುತ್ತದೆ. ತತ್ಕಾಲ್ ನಂಬಿಕೊಂಡು ಕೂರಬೇಡ. ಆ 60 ದಿನದ ಲೆಕ್ಕ ಹಾಕಿ, ಬುಕಿಂಗ್ ತೆರೆಯುವ ತಾರೀಖನ್ನು ಇವತ್ತೇ ಗುರುತು ಮಾಡಿ ನನಗೊಂದು ಮೆಸೇಜ್ ಹಾಕು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ