ಮದ್ಯಕ್ಕೆ ಒಗ್ಗಿದ ದೇಹ

‘ನಮ್ಮ ಯಜಮಾನರು ಎಷ್ಟು ಕುಡಿದರೂ ತೂರಾಡುವುದಿಲ್ಲ, ಗಟ್ಟಿ ದೇಹ’ ಎಂದು ಕೆಲವು ತಾಯಂದಿರು ಸಮಾಧಾನದಿಂದ ಹೇಳುವುದುಂಟು. ವೈದ್ಯನಿಗೆ ಇದು ಸಮಾಧಾನದ ಮಾತಲ್ಲ. ಆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಅಹಿತವಾದ ವಸ್ತುವೂ ನಿರಂತರ ಅಭ್ಯಾಸದಿಂದ ದೇಹಕ್ಕೆ ಹೊಂದಿಕೊಂಡಂತೆ ತೋರುವುದನ್ನು ಆಯುರ್ವೇದವು ಓಕಸಾತ್ಮ್ಯವೆಂದು ಕರೆಯುತ್ತದೆ.

ನಿತ್ಯ ಕುಡಿಯುವವನ ಯಕೃತ್ತು ಮದ್ಯವನ್ನು ಕರಗಿಸುವ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಯಕೃತ್ತೇ ಕೆಟ್ಟ ಮೇಲೆ ಸ್ವಲ್ಪಕ್ಕೇ ಅಮಲೇರುವುದು. ಆದರೆ ಹೆಚ್ಚಿನ ಬದಲಾವಣೆ ಮಿದುಳಿನಲ್ಲಿ. ಅಲ್ಲಿ ನರಗಳನ್ನು ಶಾಂತಗೊಳಿಸಲು ಗಾಬಾ, ಉದ್ರೇಕಿಸಲು ಗ್ಲುಟಮೇಟ್ ಎಂಬ ರಾಸಾಯನಿಕಗಳಿವೆ. ಮದ್ಯವು ಮೊದಲನೆಯದರ ಪರಿಣಾಮವನ್ನು ಹೆಚ್ಚಿಸಿ, ಎರಡನೆಯದನ್ನು ಅಡಗಿಸುತ್ತದೆ. ದಿನವೂ ಹೀಗಾದರೆ ಮಿದುಳು ಗಾಬಾ ಗ್ರಾಹಕಗಳನ್ನು ಮಂದಗೊಳಿಸಿ, ಗ್ಲುಟಮೇಟ್ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಡೈಯಾಜೆಪಾಮ್, ಆಲ್ಪ್ರಜೋಲಾಮ್ ಮುಂತಾದ ಗುಳಿಗೆಗಳ ಕೆಲಸವೂ ಗಾಬಾ ಗ್ರಾಹಕಗಳ ಮೇಲೆಯೇ. ಆದುದರಿಂದ ಕುಡಿತಕ್ಕೆ ಒಗ್ಗಿದವನಿಗೆ ನಿದ್ರೆಗೆ ಒಂದು ಗುಳಿಗೆ ಸಾಲದು. ಅಮಲಿಗೆ ಮನಸ್ಸು ಒಗ್ಗಿದಷ್ಟು ಉಸಿರಾಟದ ಕೇಂದ್ರ ಒಗ್ಗುವುದಿಲ್ಲ. ಎರಡನ್ನೂ ಸೇರಿಸಿದವನ ಉಸಿರು ನಿದ್ರೆಯಲ್ಲಿಯೇ ನಿಲ್ಲಬಹುದು.

ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅಂತಹ ಜೋಳಿಗೆಗೆ ಚಟವನ್ನು ಹಾಕುವ ಸಂಕಲ್ಪ ದೊಡ್ಡದು. ಆದರೆ ಮನಸ್ಸು ಒಂದು ಕ್ಷಣದಲ್ಲಿ ಬಿಟ್ಟದ್ದನ್ನು ಮಿದುಳು ಅಷ್ಟು ಬೇಗ ಬಿಡಲಾರದು. ಅನೇಕ ವರ್ಷ ದಿನವೂ ಕುಡಿದವನು ಥಟ್ಟನೆ ನಿಲ್ಲಿಸಿದರೆ, ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು; ಮೊದಲ 48 ಗಂಟೆಗಳೊಳಗೆ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಜ್ವರ, ಬುದ್ಧಿಭ್ರಮೆ. ಇಲ್ಲದ ಹುಳುಹುಪ್ಪಟೆಗಳು ಮೈಮೇಲೆ ಹರಿದಂತೆ ಕಾಣುವುದು. ಇದನ್ನು ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುತ್ತ ಕುಳಿತರೆ ಪ್ರಾಣಾಪಾಯ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಆ ಹೊತ್ತಿಗೆ ಕಷಾಯವಲ್ಲ, ಆಸ್ಪತ್ರೆಯೇ ಬೇಕು. ಸಂಕಲ್ಪಕ್ಕೆ ಮುನ್ನವೇ ವೈದ್ಯರನ್ನು ಕಂಡರೆ ಇನ್ನೂ ಲೇಸು.

ಅಹಿತವಾದ ಅಭ್ಯಾಸವನ್ನು ಕಾಲುಕಾಲು ಭಾಗವಾಗಿ ಬಿಡುವ ಪಾದಾಂಶಿಕ ಕ್ರಮವನ್ನು ಚರಕರು ಹೇಳಿದ್ದಾರೆ. ಇಂದಿನ ಆಸ್ಪತ್ರೆಗಳಲ್ಲಿ ಮದ್ಯದ ಸ್ಥಾನದಲ್ಲಿ ಗುಳಿಗೆ ಕೊಟ್ಟು ದಿನದಿನಕ್ಕೆ ಇಳಿಸುವುದು ಇದಕ್ಕೆ ಹತ್ತಿರದ ದಾರಿ. ಜೊತೆಗೆ ಬಿ-1 ಜೀವಸತ್ವವನ್ನೂ ಕೊಡುತ್ತಾರೆ. ಬಹುಕಾಲ ನಿದ್ರೆಯ ಗುಳಿಗೆ ನುಂಗಿದ ಹಿರಿಯರೂ ಅದನ್ನು ತಾವಾಗಿ ಒಮ್ಮೆಗೇ ನಿಲ್ಲಿಸಬಾರದು.

ಬಿಟ್ಟ ಮೇಲೆ ದೇಹಕ್ಕಿದ್ದ ಒಗ್ಗುವಿಕೆಯೂ ಹೋಗುತ್ತದೆ. ತಿಂಗಳುಗಳ ನಂತರ ಯಾರದೋ ಮದುವೆಯಲ್ಲಿ ಹಳೆಯ ಅಳತೆಯಲ್ಲಿಯೇ ಕುಡಿದರೆ ದೇಹ ತಾಳದು. ಬಿಟ್ಟವನು ಮತ್ತೆ ಅತಿಯಾಗಿ ಕುಡಿದಾಗ ಬರುವ ಧ್ವಂಸಕ, ವಿಕ್ಷಯ ಎಂಬ ವ್ಯಾಧಿಗಳನ್ನು ಚರಕಸಂಹಿತೆಯು ಮದಾತ್ಯಯ ಚಿಕಿತ್ಸೆಯ ಅಧ್ಯಾಯದಲ್ಲಿ ಪ್ರತ್ಯೇಕವಾಗಿ ಹೆಸರಿಸಿ, ಸೊರಗಿದ ದೇಹದಲ್ಲಿ ಅವುಗಳ ಚಿಕಿತ್ಸೆ ಬಹು ಕಷ್ಟವೆಂದಿದೆ.