ಆ ಟೆರೇಸು ನಿಜಕ್ಕೂ ನಿಮ್ಮದೇನಾ?

ಇಂದಿರಾನಗರದ ಆ ಫ್ಲ್ಯಾಟಿನ ಟೆರೇಸು ನಿಮ್ಮ ಮನೆಯವರಿಗೆಲ್ಲ ಹಿಡಿಸಿದೆ, ಸರಿ. ಅಡ್ವಾನ್ಸ್ ಕೊಡುವ ಮೊದಲು ಕಾಗದಪತ್ರ ನೋಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಚಾವಣಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು. ಬ್ರೋಷರ್‌ನಲ್ಲಿ ‘ಪ್ರೈವೇಟ್’ ಎಂದು ಅಚ್ಚು ಹಾಕಿಸಿದರೆ ಸಾಲದು. ಕಟ್ಟಡದ ಘೋಷಣಾ ಪತ್ರದಲ್ಲೂ (ಡೀಡ್ ಆಫ್ ಡಿಕ್ಲರೇಷನ್) ನಿಮ್ಮ ಕ್ರಯಪತ್ರದಲ್ಲೂ ಅದು ನಿಮ್ಮ ಫ್ಲ್ಯಾಟಿಗೇ ಮೀಸಲೆಂದು ನಮೂದಾಗಿರಬೇಕು. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಹೇಳುವ ಕಾರ್ಪೆಟ್ ಏರಿಯಾದಲ್ಲಿ ತೆರೆದ ಟೆರೇಸು ಸೇರುವುದಿಲ್ಲ. ಒಳಗಿನ ಚದರಡಿ ದರವನ್ನೇ ಅದಕ್ಕೂ ಹಾಕಿದ್ದರೆ ಚೌಕಾಸಿ ಮಾಡಿ, ಸಂಕೋಚ ಬೇಡ. ತಗಡು ಹೊದಿಸಿ ಕೋಣೆ ಮಾಡಿಕೊಳ್ಳುವ ಯೋಚನೆಯನ್ನಂತೂ ಈಗಲೇ ಬಿಡಿ.

ಜೋರು ಮಳೆಯ ಮರುದಿನ ಇನ್ನೊಮ್ಮೆ ಹೋಗಿ. ಮೂಲೆಯಲ್ಲಿ ನೀರು ನಿಂತಿದೆಯೇ? ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಹಳದಿ ಕಲೆ, ಉದುರಿದ ಸುಣ್ಣ ಕಾಣುತ್ತಿದೆಯೇ? ಸೋರಿದರೆ ರಿಪೇರಿ ಖರ್ಚು ಯಾರದೆಂದು ಅಸೋಸಿಯೇಷನ್‌ನಿಂದ ಬರಹದಲ್ಲೇ ಪಡೆದುಕೊಳ್ಳಿ.